ಮೂಲೆಯಲ್ಲೊಂದು ಸರ್ವರ್, ಕೋಣೆಕೋಣೆಗೂ ಟಿವಿ

2002ರ ಏಪ್ರಿಲ್‌ನಲ್ಲಿ ಅಮೆರಿಕದ ಐಸಾಕ್ ರಿಚರ್ಡ್ಸ್ ಎಂಬ ಪ್ರೋಗ್ರಾಮರ್ ಮನೆಯ ಕೇಬಲ್ ಬಾಕ್ಸಿನ ಸಹವಾಸಕ್ಕೆ ಬೇಸತ್ತು, ಅದರ ಜಾಗಕ್ಕೆ ಬೇರೆಯದನ್ನು ತಾವೇ ಕಟ್ಟಲು ಕೂತರು. ಬಾಕ್ಸಿನ ಮೇಲೆ ಅವರಿಗಿದ್ದ ದೂರು ಕೇಬಲ್ ಕಂಡ ಎಲ್ಲರ ದೂರೇ. ಚಾನೆಲ್ ಬದಲಿಸಿದರೆ ಚಿತ್ರ ಬರಲು ಕಾಯಬೇಕು. ಕಾರ್ಯಕ್ರಮ ಪಟ್ಟಿ ತೆರೆದರೆ ಅಲ್ಲೂ ಜಾಹೀರಾತು. ಆ ಪಟ್ಟಿಯಾದರೂ ನೆಟ್ಟಗಿದೆಯೇ ಎಂದರೆ ಅದೂ ಇಲ್ಲ. ರಿಚರ್ಡ್ಸ್ ತಮ್ಮ ತಂತ್ರಾಂಶಕ್ಕೆ ಮಿಥ್‌ಟಿವಿ ಎಂದು ಹೆಸರಿಟ್ಟರು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಪರವಾನಗಿಯಲ್ಲಿ ಹೊರಗೆ ಬಿಟ್ಟರು.

ಕೆಲವೇ ವರ್ಷಗಳಲ್ಲಿ ಅದು ಒಂದು ಮನೆಪದ್ಧತಿಯಾಗಿ ಬೆಳೆಯಿತು. ನೆಲಮಾಳಿಗೆಯಲ್ಲೋ ಬೀರುವಿನ ಹಿಂದೆಯೋ ಒಂದು ಕಂಪ್ಯೂಟರು. ಅದರೊಳಗೆ ಟಿವಿ ಪ್ರಸಾರ ಹಿಡಿಯುವ ಎರಡೋ ಮೂರೋ ಟ್ಯೂನರ್ ಕಾರ್ಡು, ಸಾಲಾಗಿ ಹಾರ್ಡ್ ಡಿಸ್ಕು. ಆಂಟೆನಾದ ತಂತಿ, ಕೇಬಲ್‌ನವರ ತಂತಿ ಬಂದು ಸೇರುವುದು ಅಲ್ಲಿಗೆ. ಇದು ‘ಬ್ಯಾಕೆಂಡ್’. ಹಜಾರದ ಟಿವಿಯ ಪಕ್ಕ, ಮಲಗುವ ಕೋಣೆಯ ಟಿವಿಯ ಹಿಂದೆ ಒಂದೊಂದು ಸದ್ದಿಲ್ಲದ ಪುಟ್ಟ ಯಂತ್ರ. ಅದು ‘ಫ್ರಂಟೆಂಡ್’. ಅದರಲ್ಲಿ ಡಿಸ್ಕು ಇರಲೇಬೇಕೆಂದಿಲ್ಲ, ಟ್ಯೂನರ್ ಬೇಡವೇ ಬೇಡ. ನೆಟ್‌ವರ್ಕ್ ತಂತಿಯಲ್ಲಿ ಸರ್ವರಿನಿಂದ ಬಂದದ್ದನ್ನು ಪರದೆಗೆ ಹಾಕಿದರೆ ಅದರ ಕೆಲಸ ಮುಗಿಯಿತು. ಹಜಾರದಲ್ಲಿ ಅರ್ಧ ನೋಡಿ ನಿಲ್ಲಿಸಿದ ಸಿನಿಮಾವನ್ನು ಮಲಗುವ ಕೋಣೆಯಲ್ಲಿ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಬಹುದಿತ್ತು. ಇವತ್ತಿನ ಓಟಿಟಿ ವೀಕ್ಷಕರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಇದು ಯಾವುದೋ ಕಂಪನಿ ಕೈಗೆ ಕೊಟ್ಟದ್ದಲ್ಲ, ಮನೆಯವರೇ ಕಟ್ಟಿಕೊಂಡಿದ್ದರು. ಕಾರ್ಯಕ್ರಮ ಕೂತಿದ್ದದ್ದೂ ಮನೆಯ ಡಿಸ್ಕಿನಲ್ಲೇ.

ಈ ಏರ್ಪಾಡಿನ ಚರಿತ್ರೆಯನ್ನು ಕಂಪ್ಯೂಟರಿನಿಂದ ಶುರುಮಾಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಅದು ಶುರುವಾಗುವುದು ಕೋರ್ಟಿನಲ್ಲಿ.

1975ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ವಿಡಿಯೋ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು. ಒಂದೇ ಹೊತ್ತಿಗೆ ಬರುವ ‘ಕೋಜ್ಯಾಕ್’, ‘ಕೊಲಂಬೊ’ ಎಂಬ ಎರಡು ಪತ್ತೇದಾರಿ ಧಾರಾವಾಹಿಗಳಲ್ಲಿ ಒಂದನ್ನು ನೋಡುತ್ತ ಇನ್ನೊಂದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು ಎಂಬ ಅರ್ಥದ ಜಾಹೀರಾತನ್ನೂ ಸಿದ್ಧಪಡಿಸಲಾಯಿತು. ಎರಡೂ ಧಾರಾವಾಹಿಗಳ ಒಡೆಯರು ಯೂನಿವರ್ಸಲ್ ಸ್ಟುಡಿಯೋದವರು. ಡಿಸ್ನಿಯನ್ನು ಜೊತೆಗೆ ಕರೆದುಕೊಂಡು 1976ರಲ್ಲಿ ಅವರು ಸೋನಿಯ ಮೇಲೆ ದಾವೆ ಹೂಡಿದರು. ಮನೆಯಲ್ಲಿ ಕೂತು ಟಿವಿ ಕಾರ್ಯಕ್ರಮವನ್ನು ನಕಲು ಮಾಡುವುದು ಕೃತಿಸ್ವಾಮ್ಯದ ಉಲ್ಲಂಘನೆ, ಅದಕ್ಕೆ ಯಂತ್ರ ಮಾರಿದವನೂ ಹೊಣೆ ಎಂಬುದು ಅವರ ವಾದ. ಕೆಳಗಿನ ಕೋರ್ಟು ಸೋನಿಯ ಪರವಾಗಿ, ಮೇಲ್ಮನವಿ ಕೋರ್ಟು ಸ್ಟುಡಿಯೋಗಳ ಪರವಾಗಿ ತೀರ್ಪು ಕೊಟ್ಟವು. ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್ ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ನುಡಿದಿದ್ದರು: ತಮ್ಮ ಕಾರ್ಯಕ್ರಮವನ್ನು ಅಪ್ಪ ಅಮ್ಮಂದಿರು ರೆಕಾರ್ಡ್ ಮಾಡಿ, ಬಿಡುವಾದಾಗ ಮಕ್ಕಳೊಟ್ಟಿಗೆ ಕೂತು ನೋಡಿದರೆ ತಮಗೇನೂ ಆಕ್ಷೇಪವಿಲ್ಲ ಎಂದು. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ಸೋನಿಯ ಪರವಾಗಿ ನಿಂತಿತು. ಬಿಡುವಾದಾಗ ನೋಡಲೆಂದು ರೆಕಾರ್ಡ್ ಮಾಡುವುದು ನ್ಯಾಯಯುತ ಬಳಕೆ ಎಂಬ ಮಾತು ಕಾನೂನಾಯಿತು. ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದ ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ರೋಜರ್ಸ್‌ ಅವರ ಸಾಕ್ಷ್ಯವೂ ಸೇರಿದೆ. ಒಬ್ಬ ನ್ಯಾಯಮೂರ್ತಿ ಆಚೆಗೆ ವಾಲಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಕ್ಯಾಸೆಟ್ಟು ಹೋಗಿ ಹಾರ್ಡ್ ಡಿಸ್ಕು ಬಂದಾಗ ಜಗಳ ಮತ್ತೆ ಹತ್ತಿಕೊಂಡಿತು. 1999ರ ಜನವರಿಯಲ್ಲಿ ಲಾಸ್ ವೇಗಸ್ಸಿನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಟಿವೊ ಮತ್ತು ರೀಪ್ಲೇಟಿವಿ ಎಂಬ ಎರಡು ಪೆಟ್ಟಿಗೆಗಳು ಕಾಣಿಸಿಕೊಂಡವು. ನೇರ ಪ್ರಸಾರವನ್ನೇ ತಡೆದು ನಿಲ್ಲಿಸಬಹುದು, ಧಾರಾವಾಹಿಯ ಹೆಸರು ಹೇಳಿಟ್ಟರೆ ಪ್ರತಿ ಕಂತನ್ನೂ ಅದೇ ಹುಡುಕಿ ತುಂಬಿಕೊಳ್ಳುತ್ತದೆ. ಟಿವೊ ಓಡುತ್ತಿದ್ದದ್ದು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಮೇಲೆ. ಇದು ಮುಂದೆ ಅನೇಕ ಹವ್ಯಾಸಿಗಳಿಗೆ ಧೈರ್ಯ ಕೊಟ್ಟ ಸಂಗತಿ.

ರೀಪ್ಲೇಟಿವಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2001ರಲ್ಲಿ ಬಂದ ಅದರ 4000 ಸರಣಿಯ ಪೆಟ್ಟಿಗೆ ಜಾಹೀರಾತುಗಳನ್ನು ತಾನಾಗಿಯೇ ಹಾರಿಸುತ್ತಿತ್ತು. ರೆಕಾರ್ಡಾದದ್ದನ್ನು ಇಂಟರ್ನೆಟ್ಟಿನ ಮೂಲಕ ಇನ್ನೊಂದು ಮನೆಯ ಪೆಟ್ಟಿಗೆಗೆ ಕಳಿಸುವ ಸೌಲಭ್ಯವೂ ಇತ್ತು. ದೊಡ್ಡ ಸ್ಟುಡಿಯೋಗಳೆಲ್ಲ ಒಟ್ಟಾಗಿ ಅದರ ತಯಾರಕ ಸಾನಿಕ್‌ಬ್ಲೂ ಕಂಪನಿಯನ್ನು ಕೋರ್ಟಿಗೆಳೆದವು. ಗ್ರಾಹಕರು ಏನು ನೋಡುತ್ತಾರೆ, ಏನು ಹಾರಿಸುತ್ತಾರೆ ಎಂಬುದನ್ನು ಕಂಪನಿ ಗಮನಿಸಿ ದಾಖಲಿಸಬೇಕೆಂಬ ಆದೇಶ ಕೂಡ ಒಂದು ಹಂತದಲ್ಲಿ ಬಂತು. ಮೇಲಿನ ನ್ಯಾಯಾಧೀಶರು ಅದನ್ನು ರದ್ದು ಮಾಡಿದರು. ಟರ್ನರ್ ಬ್ರಾಡ್‌ಕಾಸ್ಟಿಂಗ್‌ನ ಮುಖ್ಯಸ್ಥ ಜೇಮಿ ಕೆಲ್ನರ್ 2002ರಲ್ಲಿ ಜಾಹೀರಾತು ಬಿಟ್ಟು ನೋಡುವುದನ್ನು ಕಳ್ಳತನವೆಂದು ಕರೆದು, ಶೌಚಕ್ಕೆ ಎದ್ದುಹೋಗುವವರಿಗೆ ಒಂದಿಷ್ಟು ರಿಯಾಯಿತಿ ಕೊಟ್ಟರು. ವ್ಯಾಜ್ಯದ ಖರ್ಚು, ಸಾಲಗಳ ನಡುವೆ ಸಾನಿಕ್‌ಬ್ಲೂ 2003ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು.

ಕಂಪನಿಯನ್ನು ಮುಳುಗಿಸಬಹುದು. ಆದರೆ ಊರೂರಲ್ಲಿ ಹರಡಿಕೊಂಡು ಸಂಬಳವಿಲ್ಲದೆ ಬರೆಯುವವರ ಮೇಲೆ ಕೇಸು ಹಾಕಿ ಗಿಟ್ಟುವುದೇನು? ಮಿಥ್‌ಟಿವಿಯಲ್ಲೂ ಜಾಹೀರಾತು ಪತ್ತೆಹಚ್ಚುವ ಭಾಗ ಇತ್ತು. ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವೆ ಕ್ಷಣಮಾತ್ರ ಬರುವ ಕಪ್ಪು ಚೌಕಟ್ಟು, ಮೂಲೆಯ ಚಾನೆಲ್ ಲಾಂಛನ ಮಾಯವಾಗುವುದು, ದೃಶ್ಯ ಪದೇಪದೇ ಬದಲಾಗುವುದು, ಇವನ್ನೆಲ್ಲ ಲೆಕ್ಕ ಹಾಕಿ ಅದು ಗುರುತು ಹಾಕುತ್ತಿತ್ತು. ರಾತ್ರಿ ಮನೆಯವರು ಮಲಗಿದ ಮೇಲೆ ಸರ್ವರು ಈ ಕೆಲಸ ಮಾಡಿ ಮುಗಿಸುತ್ತಿತ್ತು.

ಅಮೆರಿಕಕ್ಕಿಂತ ಮೊದಲೇ ಜರ್ಮನಿಯಲ್ಲಿ ಈ ಹಾದಿ ಹಿಡಿದವರಿದ್ದರು. ಕ್ಲಾಸ್ ಷ್ಮಿಡಿಂಗರ್ 2000ದಲ್ಲಿ ವಿಡಿಆರ್ ಎಂಬ ತಂತ್ರಾಂಶ ಬರೆದರು. ಅಲ್ಲಿನ ಪರಿಸ್ಥಿತಿ ಹವ್ಯಾಸಿಗೆ ಹೇಳಿ ಮಾಡಿಸಿದಂತಿತ್ತು. ಅಸ್ಟ್ರಾ ಉಪಗ್ರಹದಿಂದ ಎಆರ್‌ಡಿ, ಝಡ್‌ಡಿಎಫ್‌ನಂಥ ವಾಹಿನಿಗಳು ಡಿಜಿಟಲ್ ರೂಪದಲ್ಲಿ, ಯಾವ ಬೀಗವೂ ಇಲ್ಲದೆ ಮನೆಯ ಡಿಶ್ಶಿಗೆ ಬರುತ್ತಿದ್ದವು. ಚಿತ್ರವನ್ನು ಕುಗ್ಗಿಸುವ ಭಾರದ ಕೆಲಸ ಪ್ರಸಾರ ಕೇಂದ್ರದಲ್ಲೇ ಮುಗಿದಿರುತ್ತಿತ್ತು. ಮನೆಯ ಕಂಪ್ಯೂಟರು ಬಂದ ಹೊನಲನ್ನು ಹಾಗೇ ಡಿಸ್ಕಿಗೆ ಬರೆದುಕೊಂಡರೆ ಸಾಕು, ಹಳೆಯ ಯಂತ್ರವೂ ನಡೆಯುತ್ತಿತ್ತು. ಮುಂದಿನ ದಿನಗಳ ಕಾರ್ಯಕ್ರಮ ಪಟ್ಟಿ ಕೂಡ ಅದೇ ತರಂಗದಲ್ಲಿ ಸೇರಿಕೊಂಡು ಬರುತ್ತಿತ್ತು.

ಅಮೆರಿಕದಲ್ಲಿ ಎರಡೂ ಸುಲಭವಿರಲಿಲ್ಲ. 2002ರ ಹೊತ್ತಿಗೆ ಬಹುಪಾಲು ಮನೆಗಳ ಕೇಬಲ್ಲು ಅನಲಾಗ್. ಬಿಟಿ878 ಎಂಬ ಚಿಪ್ಪಿದ್ದ ಅಗ್ಗದ ಟ್ಯೂನರ್ ಕಾರ್ಡು ಚಿತ್ರವನ್ನು ಹಸಿಹಸಿಯಾಗಿ ಒಳಗೆ ಸುರಿಯುತ್ತಿತ್ತು. 720 ಗುಣಿಲೆ 480 ಬಿಂದುಗಳ ಚಿತ್ರ, ಸೆಕೆಂಡಿಗೆ 30 ಚೌಕಟ್ಟು ಎಂದರೆ ಸೆಕೆಂಡಿಗೆ ಸುಮಾರು 20 ಎಂಬಿ. ಅದನ್ನು ಬಂದ ವೇಗದಲ್ಲೇ ಕುಗ್ಗಿಸಲು ಆಗಿನ ಪ್ರೊಸೆಸರು ಏದುಸಿರು ಬಿಡಬೇಕಿತ್ತು. ಒಂದು ಚಾನೆಲ್ ರೆಕಾರ್ಡ್ ಮಾಡುತ್ತ ಇನ್ನೊಂದನ್ನು ನೋಡುವುದೇ ಸಾಹಸ. ಈ ಕಷ್ಟ ಕಳೆದದ್ದು ಹಾಪಾಗ್ ಕಂಪನಿಯ ಪಿವಿಆರ್-250 ಕಾರ್ಡು. ಕುಗ್ಗಿಸುವ ಚಿಪ್ಪು ಕಾರ್ಡಿನ ಮೇಲೇ ಇತ್ತು, ಕಂಪ್ಯೂಟರಿಗೆ ಸಿದ್ಧ ಎಂಪೆಗ್-2 ಕಡತ ಸಿಗುತ್ತಿತ್ತು. ಒಂದು ಗಂಟೆಯ ಕಾರ್ಯಕ್ರಮ ಒಂದೆರಡು ಜಿಬಿಯಲ್ಲಿ ಅಡಗಿತು. ಆ ಕಾರ್ಡನ್ನು ವಿಂಡೋಸಿಗಾಗಿ ಮಾಡಿದ್ದರು. ಲಿನಕ್ಸಿನಲ್ಲಿ ಅದನ್ನು ಓಡಿಸುವ ಡ್ರೈವರನ್ನು ಸ್ವಯಂಸೇವಕರು ಬರೆದುಕೊಂಡರು. ಒಂದೇ ಪೆಟ್ಟಿಗೆಯಲ್ಲಿ ಮೂರು ಕಾರ್ಡು ಕೂರಿಸಿದರೂ ಪ್ರೊಸೆಸರಿಗೆ ಆಯಾಸವಿಲ್ಲ ಎಂದಾದಾಗಲೇ ಒಂದು ಸರ್ವರು ಇಡೀ ಮನೆಯನ್ನು ಸಾಕುವ ಮಾತು ನಿಜವಾದದ್ದು.

ಕೋಣೆಗಳಲ್ಲಿಡುವ ಯಂತ್ರಗಳ ಕಥೆಯಂತೂ ಬಲು ಚೆಂದ. ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಿದ್ದರೆ ಮಲಗುವ ಕೋಣೆಯಲ್ಲಿ ಯಾರು ಸಹಿಸುತ್ತಾರೆ? ತೈವಾನಿನ ವಿಯಾ ಕಂಪನಿಯ ಎಪಿಯಾ ಬೋರ್ಡು ಒಂದು ಗೇಣಿಗಿಂತಲೂ ಚಿಕ್ಕದು, ಕೆಲವು ಮಾದರಿಗಳಲ್ಲಿ ಫ್ಯಾನೇ ಇಲ್ಲ. ಹಾಪಾಗ್‌ನ ಮೀಡಿಯಾಎಂವಿಪಿ ಎಂಬ ಚಪ್ಪಟೆ ಡಬ್ಬಿಯಲ್ಲಿ ಡಿಸ್ಕೂ ಇರಲಿಲ್ಲ. ಸ್ವಿಚ್ ಹಾಕಿದರೆ ತನ್ನ ಕಾರ್ಯವ್ಯವಸ್ಥೆಯನ್ನೂ ನೆಟ್‌ವರ್ಕಿನಿಂದಲೇ ಇಳಿಸಿಕೊಂಡು ಏಳುತ್ತಿತ್ತು. ಹವ್ಯಾಸಿಗಳು ಅದಕ್ಕೆ ಕಂಪನಿಯದ್ದರ ಬದಲು ತಮ್ಮ ತಂತ್ರಾಂಶ ಉಣಿಸಿ, ಮಿಥ್‌ಟಿವಿಗೂ ವಿಡಿಆರ್‌ಗೂ ಅಗ್ಗದ ಫ್ರಂಟೆಂಡ್ ಮಾಡಿಕೊಂಡರು. ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಯೊಳಗೆ ಇದ್ದದ್ದು 733 ಮೆಗಾಹರ್ಟ್ಸ್ ಇಂಟೆಲ್ ಪ್ರೊಸೆಸರು, 64 ಎಂಬಿ ಮೆಮರಿ, ಟಿವಿಗೆ ನೇರ ಹೋಗುವ ತಂತಿ. ಅದರ ಬೀಗ ಮುರಿದು ಸಿನಿಮಾ ನೋಡಲು ಹೊರಟವರಿಂದ 2002ರಲ್ಲಿ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಹುಟ್ಟಿತು. ಅದೇ ಮುಂದೆ ಎಕ್ಸ್‌ಬಿಎಂಸಿಯಾಗಿ, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು.

ಕೇಬಲ್ ಬಾಕ್ಸು ಕಡ್ಡಾಯವಿದ್ದ ಮನೆಗಳಲ್ಲಿ ಇನ್ನೊಂದು ಉಪಾಯ ನಡೆಯುತ್ತಿತ್ತು. ಸರ್ವರಿನಿಂದ ಒಂದು ಸಣ್ಣ ತಂತಿ ಎಳೆದು, ತುದಿಯ ಇನ್‌ಫ್ರಾರೆಡ್ ದೀಪವನ್ನು ಬಾಕ್ಸಿನ ಕಣ್ಣಿಗೆ ಅಂಟಿಸುವುದು. ರೆಕಾರ್ಡ್ ಮಾಡುವ ಹೊತ್ತಾದಾಗ ಸರ್ವರು ರಿಮೋಟಿನಂತೆ ಆ ದೀಪ ಮಿನುಗಿಸಿ ಚಾನೆಲ್ ಬದಲಿಸುತ್ತಿತ್ತು. ಅಂಟು ಬಿಟ್ಟುಹೋದ ದಿನ ಧಾರಾವಾಹಿಯ ಜಾಗದಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ ತುಂಬಿರುತ್ತಿತ್ತು.

ಅಷ್ಟರಲ್ಲಿ ಅಮೆರಿಕದ ಪ್ರಸಾರವೂ ಡಿಜಿಟಲ್ ಆಗತೊಡಗಿತು. ಆಂಟೆನಾಕ್ಕೆ ಬರುವ ಹೈ ಡೆಫಿನಿಷನ್ ಪ್ರಸಾರದ ಒಂದು ವಾಹಿನಿಗೆ ಸೆಕೆಂಡಿಗೆ 19 ಮೆಗಾಬಿಟ್‌ಗಿಂತ ಸ್ವಲ್ಪ ಹೆಚ್ಚಿನ ಹರಿವು. ಗಂಟೆಗೆ ಲೆಕ್ಕ ಹಾಕಿದರೆ ಎಂಟು ಜಿಬಿ ದಾಟುತ್ತದೆ. ಆಗಿನ 11 ಮೆಗಾಬಿಟ್ಟಿನ ವೈಫೈಯಲ್ಲಿ ಇದು ಹಾಯುವಂತಿರಲಿಲ್ಲ, ಗೋಡೆ ಕೊರೆದು ತಂತಿ ಎಳೆದವರೇ ಗೆದ್ದರು. ಆದರೆ ದೊಡ್ಡ ಅಡ್ಡಿ ಸರ್ಕಾರದಿಂದ ಬಂತು. 2003ರ ನವೆಂಬರಿನಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ‘ಬ್ರಾಡ್‌ಕಾಸ್ಟ್ ಫ್ಲ್ಯಾಗ್’ ಎಂಬ ನಿಯಮ ತಂದಿತು. ಪ್ರಸಾರದ ಜೊತೆ ಒಂದು ಗುರುತು ಬರುತ್ತದೆ, ಅದನ್ನು ಕಂಡ ಯಂತ್ರ ರೆಕಾರ್ಡಿಂಗನ್ನು ಬೀಗ ಹಾಕಿದ ರೂಪದಲ್ಲಷ್ಟೇ ಇಟ್ಟುಕೊಳ್ಳಬೇಕು, 2005ರ ಜುಲೈ 1ರ ನಂತರ ಹಾಗೆ ಮಾಡದ ಟ್ಯೂನರ್ ಮಾರುವಂತಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶ ಅಂಥ ಬೀಗವನ್ನು ಕಾಯುವುದು ಸಾಧ್ಯವೇ ಇಲ್ಲ. ನಿಯಮ ಜಾರಿಯಾದರೆ ಮಿಥ್‌ಟಿವಿಗೆ ಹೊಸ ಕಾರ್ಡೇ ಸಿಗದು.

ಡಿಜಿಟಲ್ ಹಕ್ಕುಗಳ ಸಂಘಟನೆ ಇಎಫ್‌ಎಫ್ ಗಡುವಿಗೆ ಮುಂಚೆ ಕಾರ್ಡು ಕೊಂಡಿಟ್ಟುಕೊಳ್ಳಿ ಎಂದು ಜನರಿಗೆ ಕರೆ ಕೊಟ್ಟಿತು, ಕಾರ್ಡು ಹಾಕಿ ಯಂತ್ರ ಕಟ್ಟುವ ವಿಧಾನವನ್ನೂ ಬರೆದು ಹಂಚಿತು. ಪಿಸಿಎಚ್‌ಡಿಟಿವಿಯ ಎಚ್‌ಡಿ-3000 ಕಾರ್ಡು ಲಿನಕ್ಸಿಗೆಂದೇ ಮಾರಾಟವಾಗುತ್ತಿತ್ತು. ಇತ್ತ ಗ್ರಂಥಪಾಲಕರ ಸಂಘ ಮುಂದಾಗಿ ಎಫ್‌ಸಿಸಿಯ ವಿರುದ್ಧ ಕೋರ್ಟಿಗೆ ಹೋಗಿತ್ತು. ಟಿವಿಯ ಜಗಳಕ್ಕೆ ಲೈಬ್ರರಿಯವರು ಇಳಿದದ್ದು ವಿಚಿತ್ರವೆನಿಸಬಹುದು. ಪಾಠಕ್ಕೆ, ಅಧ್ಯಯನಕ್ಕೆ ಪ್ರಸಾರದ ತುಣುಕು ಬೇಕಾಗುವುದು ಅವರಿಗೇ. 2005ರ ಮೇ 6ರಂದು ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು: ಪ್ರಸಾರ ಮನೆಗೆ ಬಂದು ಮುಟ್ಟಿದ ಮೇಲೆ ಯಂತ್ರ ಅದನ್ನು ಏನು ಮಾಡಬೇಕೆಂದು ಹೇಳುವ ಅಧಿಕಾರ ಆಯೋಗಕ್ಕಿಲ್ಲ. ಗಡುವಿಗೆ ಎಂಟು ವಾರವಷ್ಟೇ ಉಳಿದಿತ್ತು.

ಇಷ್ಟೆಲ್ಲ ಗೆದ್ದರೂ ಈ ಮನೆ ಸರ್ವರುಗಳ ಜೀವ ಇದ್ದದ್ದು ಇನ್ನೊಬ್ಬರ ಕೈಯಲ್ಲಿ. ಅದು ಕಾರ್ಯಕ್ರಮ ಪಟ್ಟಿ. ಯಾವ ಚಾನೆಲ್ಲಿನಲ್ಲಿ ಯಾವ ಹೊತ್ತಿಗೆ ಏನು ಬರುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಸರ್ವರು ಕುರುಡು. ಎರಡು ಕಾರ್ಯಕ್ರಮ ಒಂದೇ ಹೊತ್ತಿಗೆ ಬಿದ್ದರೆ ಯಾವುದು ಮುಖ್ಯ, ಯಾವುದು ನಾಳೆ ಮರುಪ್ರಸಾರವಾಗುತ್ತದೆ, ಯಾವ ಕಂತು ಈಗಾಗಲೇ ಡಿಸ್ಕಿನಲ್ಲಿದೆ ಎಂದು ಮಿಥ್‌ಟಿವಿ ಲೆಕ್ಕ ಹಾಕುತ್ತಿದ್ದದ್ದು ಈ ಪಟ್ಟಿಯನ್ನು ನಂಬಿಕೊಂಡು. ಮೊದಮೊದಲು ಹವ್ಯಾಸಿಗಳ ತಂತ್ರಾಂಶಗಳು ಟ್ರಿಬ್ಯೂನ್ ಸಮೂಹದ ಝ್ಯಾಪ್2ಇಟ್ ತಾಣದ ಪುಟಗಳನ್ನು ಒಂದೊಂದಾಗಿ ಕೆರೆದು ಪಟ್ಟಿ ತೆಗೆಯುತ್ತಿದ್ದವು. ತಾಣಕ್ಕೆ ಅದು ಹೊರೆ, ಪುಟದ ವಿನ್ಯಾಸ ಬದಲಾದ ದಿನ ಮನೆಮನೆಯ ಸರ್ವರಿಗೂ ತೊಂದರೆ. ಕೊನೆಗೆ ಟ್ರಿಬ್ಯೂನ್‌ನವರೇ ಒಂದು ದಾರಿ ಮಾಡಿಕೊಟ್ಟರು. ಆಗಾಗ ಒಂದು ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅಚ್ಚುಕಟ್ಟಾದ ಪಟ್ಟಿ ಪುಕ್ಕಟೆ.

2007ರ ಜೂನಿನಲ್ಲಿ ಸುದ್ದಿ ಬಂತು: ಸೆಪ್ಟೆಂಬರ್ 1ಕ್ಕೆ ಈ ಸೇವೆ ಬಂದ್. ಎರಡೇ ತಿಂಗಳಲ್ಲಿ ಅಮೆರಿಕ, ಕೆನಡಾದ ಮಿಥ್‌ಟಿವಿ ಮನೆಗಳೆಲ್ಲ ಕತ್ತಲಾಗುವ ಹೊತ್ತು. ಮಿಥ್‌ಟಿವಿ ಮತ್ತು ಎಕ್ಸ್‌ಎಂಎಲ್‌ಟಿವಿ ಯೋಜನೆಗಳ ಕೆಲವರು ಸೇರಿ ಶೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಅದೇ ಟ್ರಿಬ್ಯೂನ್ ಜೊತೆ ಕೂತು ಮಾತಾಡಿ, ಸಗಟಿನಲ್ಲಿ ಪಟ್ಟಿ ಕೊಂಡು ಸದಸ್ಯರಿಗೆ ಹಂಚುವ ಒಪ್ಪಂದ ಮಾಡಿಕೊಂಡರು. ಶುರುವಿನಲ್ಲಿ ಚಂದಾ ಹೆಚ್ಚಿತ್ತು. ಸದಸ್ಯರು ಕೂಡಿಕೊಂಡ ಮೇಲೆ ವರ್ಷಕ್ಕೆ 20-25 ಡಾಲರಿಗೆ ಇಳಿಯಿತು. ಲಾಭ ಬೇಡದ ಕಾರಣ ಸದಸ್ಯರು ಹೆಚ್ಚಿದಂತೆ ಬೆಲೆ ಇಳಿಸುವುದು ಅವರಿಗೆ ಕಷ್ಟವಾಗಲಿಲ್ಲ. ಈ ಇಡೀ ಚರಿತ್ರೆಯಲ್ಲಿ ಅತಿ ದೊಡ್ಡ ಸಾಧನೆ ಯಾವುದು ಎಂದರೆ ಇದೇ. ತಂತ್ರಾಂಶ ಬರೆಯುವ ಹುಮ್ಮಸ್ಸು ಬಹಳ ಜನರಲ್ಲಿ ಇರುತ್ತದೆ. ಲೆಕ್ಕಪತ್ರ ಇಟ್ಟು, ಕರಾರಿಗೆ ಸಹಿ ಹಾಕಿ, ವರ್ಷವರ್ಷ ಬಿಲ್ಲು ಕಟ್ಟುವ ಸಹಕಾರಿ ಬುದ್ಧಿ ಅಪರೂಪ. ಶೆಡ್ಯೂಲ್ಸ್ ಡೈರೆಕ್ಟ್ ಇಂದಿಗೂ ನಡೆಯುತ್ತಿದೆ.

ಹಣವಂತರ ಪ್ರಯತ್ನಗಳು ಅಷ್ಟು ಬಾಳಲಿಲ್ಲ. ಮೈಕ್ರೋಸಾಫ್ಟ್ 2002ರಲ್ಲೇ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿ ತಂದಿತ್ತು. ನೋಡಲು ಬಲು ಸೊಗಸು, 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಅದಕ್ಕೆ ಫ್ರಂಟೆಂಡ್ ಆಗಿಯೂ ದುಡಿಯುತ್ತಿತ್ತು. ಬೀಗ ಹಾಕಿದ ಕೇಬಲ್ ಚಾನೆಲ್‌ಗಳನ್ನು ಕೇಬಲ್‌ಕಾರ್ಡ್ ಮೂಲಕ ಕಾನೂನುಬದ್ಧವಾಗಿ ತೆರೆಯುವ ಹಕ್ಕು ಅದಕ್ಕಿತ್ತು, ಮಿಥ್‌ಟಿವಿಗೆ ಇರಲಿಲ್ಲ. ಆದರೂ 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನೇ ಕೈಬಿಟ್ಟರು. ಮತ್ತೊಂದು ಜನಪ್ರಿಯ ತಂತ್ರಾಂಶ ಸೇಜ್‌ಟಿವಿಯನ್ನು 2011ರಲ್ಲಿ ಗೂಗಲ್ ಕೊಂಡಿತು, ಮಾರಾಟ ನಿಂತಿತು. 2015ರಲ್ಲಿ ಅದರ ಮೂಲ ಸಂಕೇತವನ್ನು ಮುಕ್ತಗೊಳಿಸಿದ್ದರಿಂದ ಬಳಕೆದಾರರ ಕೈಗೆ ಮರಳಿತು. ಎಕ್ಸ್‌ಬಿಎಂಸಿಯಿಂದ ಕವಲೊಡೆದ ಪ್ಲೆಕ್ಸ್ ಮನೆಯ ಸಿನಿಮಾ ಸಂಗ್ರಹವನ್ನು ಊರಾಚೆಗೂ ತಲುಪಿಸುವ ದಾರಿ ಮಾಡಿ ಬಹಳ ಜನಪ್ರಿಯವಾಯಿತು. 2025ರ ಏಪ್ರಿಲ್ ಕೊನೆಯಿಂದ ಬಳಕೆದಾರರದೇ ಸರ್ವರಿನಲ್ಲಿರುವ ಕಡತವನ್ನು ಮನೆಯಾಚೆಯಿಂದ ನೋಡಲೂ ಅದು ಹಣ ಕೇಳುತ್ತಿದೆ. ಎಂಬಿ ಎಂಬ ಸರ್ವರು 2018ರಲ್ಲಿ ತನ್ನ ಸಂಕೇತಕ್ಕೆ ಬಾಗಿಲು ಹಾಕಿಕೊಂಡಾಗ, ಹಿಂದಿನ ಮುಕ್ತ ಆವೃತ್ತಿಯನ್ನೇ ಎತ್ತಿಕೊಂಡು ಸ್ವಯಂಸೇವಕರು ಜೆಲ್ಲಿಫಿನ್ ಕಟ್ಟಿದರು. ಹೊಸದಾಗಿ ಮನೆಯಲ್ಲಿ ಸರ್ವರ್ ಇಡುವವರಲ್ಲಿ ಹಲವರು ಇವತ್ತು ಅದರತ್ತ ತಿರುಗುತ್ತಾರೆ.

ಕರ್ನಾಟಕದ ಮಟ್ಟಿಗೆ ಕಥೆ ಬೇರೆ ದಾರಿ ಹಿಡಿಯಿತು. ಒಂದು ಕಡೆ ಯಂತ್ರ ಇಟ್ಟು ಹಲವು ಪರದೆಗಳಿಗೆ ತಂತಿ ಎಳೆಯುವುದು ಭಾರತದ ಊರುಗಳಿಗೆ ಹೊಸದಲ್ಲ. 1980ರ ದಶಕದಲ್ಲಿ ಕೇಬಲ್ ಟಿವಿ ಹುಟ್ಟಿದ್ದೇ ಹಾಗೆ: ಯಾರದೋ ಕೋಣೆಯಲ್ಲಿ ಒಂದು ವಿಸಿಪಿ, ಲೈಬ್ರರಿಯಿಂದ ಬಾಡಿಗೆಗೆ ತಂದ ಕ್ಯಾಸೆಟ್ಟು, ಅಲ್ಲಿಂದ ಮಾಡಿನಿಂದ ಮಾಡಿಗೆ, ಕಂಬದಿಂದ ಕಂಬಕ್ಕೆ ಹೋಗುವ ತಂತಿ. 1990ರ ದಶಕದಲ್ಲಿ ಡಿಶ್ಶು ಬಂದು ಅದೇ ತಂತಿಯಲ್ಲಿ ಉಪಗ್ರಹ ವಾಹಿನಿಗಳು ಹರಿದವು. 2000ದ ನಂತರ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಟಿವಿ ಟ್ಯೂನರ್ ಕಾರ್ಡು ಸಿಗುತ್ತಿತ್ತು. ಹಾಸ್ಟೆಲಿನಲ್ಲಿ, ಬ್ಯಾಚುಲರ್ ಕೋಣೆಗಳಲ್ಲಿ ಕಂಪ್ಯೂಟರೇ ಟಿವಿಯಾಯಿತು. ಕೇಬಲ್ ಅನಲಾಗ್ ಇದ್ದುದರಿಂದ ತಂತಿ ಚುಚ್ಚಿದರೆ ಚಂದನವೂ ಬರುತ್ತಿತ್ತು, ಉದಯವೂ ಬರುತ್ತಿತ್ತು, ಬೇಕಾದದ್ದನ್ನು ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಇಲ್ಲದ್ದು ನಂಬಬಹುದಾದ ಕಾರ್ಯಕ್ರಮ ಪಟ್ಟಿ. ಕೈಯಾರೆ ಹೊತ್ತು ಹಾಕಿ ರೆಕಾರ್ಡ್ ಒತ್ತಬೇಕಿತ್ತು.

ಆ ಬಾಗಿಲು ಮುಚ್ಚಿದ್ದು ಡಿಜಿಟಲೀಕರಣದಲ್ಲಿ. 2011ರ ಕೊನೆಯಲ್ಲಿ ತಿದ್ದುಪಡಿಯಾದ ಕೇಬಲ್ ಕಾಯ್ದೆಯ ಪ್ರಕಾರ ಹಂತಹಂತವಾಗಿ ಅನಲಾಗ್ ನಿಲ್ಲಬೇಕಿತ್ತು. ಬೆಂಗಳೂರು, ಮೈಸೂರು ಸೇರಿ 38 ನಗರಗಳ ಎರಡನೇ ಹಂತಕ್ಕೆ 2013ರ ಮಾರ್ಚ್ 31 ಗಡುವು. ಗೋಡೆಯೊಳಗಿನ ತಂತಿ ಅದೇ, ಅದರಲ್ಲಿ ಬರುವ ಪ್ರಸಾರಕ್ಕೆ ಬೀಗ. ಒಂದೊಂದು ಟಿವಿಗೂ ಒಂದೊಂದು ಸೆಟ್ ಟಾಪ್ ಬಾಕ್ಸ್, ಒಂದೊಂದು ಕಾರ್ಡು, ಒಂದೊಂದು ಚಂದಾ. ಕಳ್ಳಲೆಕ್ಕ ತಪ್ಪಿಸಲು, ವಾಹಿನಿಗಳಿಗೆ ಸಲ್ಲಬೇಕಾದ ಹಣ ಸಲ್ಲಲು ಅದು ಬೇಕಿತ್ತು ಎಂಬುದು ನಿಜ. ಆದರೆ ಚಂದಾ ಕಟ್ಟುವ ಮನೆಯವರು ತಮ್ಮದೇ ಯಂತ್ರದಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಒಂದು ಕಿಂಡಿಯನ್ನೂ ಬಿಡದೆ ಹೋದದ್ದು ತಪ್ಪು. ರೆಕಾರ್ಡ್ ಮಾಡುವ ಬಾಕ್ಸನ್ನು ಡಿಟಿಎಚ್ ಕಂಪನಿಗಳು ಮಾರಿದವು ಸರಿ, ಅದರ ಡಿಸ್ಕಿನಲ್ಲಿದ್ದದ್ದು ಚಂದಾ ನಿಂತರೆ ತೆರೆಯುವುದಿಲ್ಲ, ಬಾಕ್ಸು ಕೆಟ್ಟರೆ ಅದರೊಟ್ಟಿಗೇ ಹೋಗುತ್ತದೆ. ಅಮೆರಿಕದಲ್ಲೂ ಇದೇ ಹಾಡು ಮರುಕಳಿಸುತ್ತಿದೆ. ಹೊಸ ಎಟಿಎಸ್‌ಸಿ 3.0 ಪ್ರಸಾರದಲ್ಲಿ ಆಂಟೆನಾಕ್ಕೆ ಪುಕ್ಕಟೆ ಬರುವ ವಾಹಿನಿಗಳಿಗೂ ಅನೇಕ ಕೇಂದ್ರಗಳು ಬೀಗ ಹಾಕತೊಡಗಿವೆ.

ಮನೆಯವರು ಪ್ರಸಾರವನ್ನು ರೆಕಾರ್ಡ್ ಮಾಡಿ ಕೂಡಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಎಂಬಾಕೆಗಿಂತ ದೊಡ್ಡ ಉದಾಹರಣೆ ಬೇಡ. ಗ್ರಂಥಪಾಲಕಿಯಾಗಿದ್ದ ಅವರು 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಸುದ್ದಿ ವಾಹಿನಿಗಳನ್ನು ಹಗಲಿರುಳು ರೆಕಾರ್ಡ್ ಮಾಡಿದರು. ಸುಮಾರು 70,000 ಕ್ಯಾಸೆಟ್ಟುಗಳು ಇಂಟರ್ನೆಟ್ ಆರ್ಕೈವ್ ಸೇರಿವೆ.

ಎಸ್‌ಪಿ ರೋಡಿನ ಟ್ಯೂನರ್ ಕಾರ್ಡಿನ ಕಾಲದಲ್ಲಿ ಚಂದನದ ನಾಟಕ, ಸಂಗೀತ ಕಛೇರಿ, ಸಾಹಿತಿಗಳ ಸಂದರ್ಶನ, ಊರಿನ ಜಾತ್ರೆಯ ಸುದ್ದಿ ತುಣುಕು ಹೀಗೆ ಏನನ್ನಾದರೂ ರೆಕಾರ್ಡ್ ಮಾಡಿಟ್ಟುಕೊಂಡ ಓದುಗರು ಇದ್ದೇ ಇರುತ್ತಾರೆ. ಆ ಡಿಸ್ಕುಗಳಿಗೆ ಈಗ ಹದಿನೈದು ಇಪ್ಪತ್ತು ವರ್ಷ. ಸಿಡಿಗಳಿಗೂ ಅಷ್ಟೇ. ಹೊರಗೆ ತೆಗೆದು ಓಡುತ್ತವೆಯೇ ನೋಡಿ, ಓಡಿದರೆ ಈ ವಾರವೇ ಇನ್ನೆರಡು ಕಡೆ ಪ್ರತಿ ಮಾಡಿ, ಕಡತದ ಹೆಸರಿನಲ್ಲಿ ವಾಹಿನಿ, ದಿನಾಂಕ, ಮಾತಾಡಿದವರು ಯಾರು ಎಂಬುದನ್ನು ಕನ್ನಡದಲ್ಲೇ ಬರೆದಿಡಿ.